ಶೂ ಡಬ್ಬಿಯೊಳಗಿನ ಓದುಗರ ಚೀಟಿ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮಲ್ಲಿ ಲೈಬ್ರರಿಗೆಂದೇ ಬೇರೆಯವರಿಲ್ಲ. ಎರಡು ಬೀರು ಪುಸ್ತಕ ನನ್ನ ಜವಾಬ್ದಾರಿಯೇ. ಚಾರ್ಜ್ ತೆಗೆದುಕೊಂಡಾಗ ವಹಿಯಲ್ಲಿದ್ದ ಎಷ್ಟೋ ಪುಸ್ತಕ ಬೀರುವಿನಲ್ಲಿ ಇರಲಿಲ್ಲ. ಮುಂದೆ ಕಳೆದದ್ದಕ್ಕೆಲ್ಲ ನಾನೇ ಉತ್ತರ ಕೊಡಬೇಕಲ್ವಾ? ಹೆದರಿಕೆಯಾಗಿ, ಐಡಿ ಕಾರ್ಡ್ ತಂದವರಿಗೆ ಮಾತ್ರ ಪುಸ್ತಕ ಎಂದು ನಿಯಮ ಮಾಡಿದೆ.

ಶಾಲೆ ಶುರುವಾಗಿ, ಫೋಟೊ ತೆಗೆಸಿ, ಕಾರ್ಡ್ ಪ್ರಿಂಟ್ ಆಗಿ ಬರುವಷ್ಟರಲ್ಲಿ ದಸರಾ ರಜೆ ಹತ್ತಿರ ಬಂದಿತ್ತು. ಅಲ್ಲಿಯವರೆಗೆ ಎಂಟನೇ ಕ್ಲಾಸಿನವರಿಗೆ ಪುಸ್ತಕವೇ ಇಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಮೂರು ಶುಕ್ರವಾರ ಬೀರುವಿನ ಪಕ್ಕ ನಿಂತೇ ಒಂದು ಪುಸ್ತಕ ಓದಿದಳು. ಬೆಲ್ ಆದ ಕೂಡಲೇ ಒಳಗಿಟ್ಟು ಹೋಗುತ್ತಿದ್ದಳು. ನಾಲ್ಕನೇ ವಾರ ಬರಲಿಲ್ಲ. ಕರೆದು ಕೇಳಿದೆ. “ಕಾರ್ಡ್ ಕಳ್ದೋಗಿದೆ ಮಿಸ್. ಹೊಸದಕ್ಕೆ ದುಡ್ಡು ಕೊಡ್ಬೇಕಂತೆ, ಮನೇಲಿ ಕೇಳಿಲ್ಲ” ಅಂದಳು. ಅವಳ ಹೆಸರು, ಊರು, ಅವಳಮ್ಮ ಎಲ್ಲಿ ಕೆಲಸಕ್ಕೆ ಹೋಗುತ್ತಾರೆ ಎಲ್ಲ ನನಗೆ ಗೊತ್ತು. ಅಂಥ ಮಗುವಿನ ಹತ್ತಿರ ಗುರುತು ಕೇಳಿದ್ದೆ. ಅವತ್ತು ಬಹಳ ನೋವಾಯಿತು.

ನನಗೆ ಬೇಕಿದ್ದದ್ದು ಯಾವ ಪುಸ್ತಕ ಯಾರ ಹತ್ತಿರ ಇದೆ ಅನ್ನುವ ಲೆಕ್ಕ. ಅದಕ್ಕೆ ಹಳೆಯ ಪದ್ಧತಿಯೊಂದಿದೆ. ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ 1895ರಲ್ಲಿ ರೂಪಿಸಿದ್ದು. ಪ್ರತಿ ಪುಸ್ತಕಕ್ಕೆ ಒಂದು ಚೀಟಿ, ಪ್ರತಿ ಓದುಗರಿಗೆ ಒಂದು ಪುಟ್ಟ ಲಕೋಟೆ. ಅಲ್ಲಿ ಪುಸ್ತಕ ವಾಪಸ್ ಕೊಟ್ಟ ಮೇಲೆ ಲಕೋಟೆ ಓದುಗರ ಹತ್ತಿರವೇ ಇರುತ್ತಿತ್ತು. ನಾನು ಎಲ್ಲವನ್ನೂ ಲೈಬ್ರರಿಯಲ್ಲೇ ಇಟ್ಟುಕೊಂಡೆ. ಮಕ್ಕಳ ಕೈಲಿ ಇಲ್ಲದಿದ್ದರೆ ಕಳೆಯುವ ಮಾತೇ ಇಲ್ಲ.

ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಲಕೋಟೆ ಮಾಡಿದೆವು. ರಟ್ಟು ಗಟ್ಟಿ, ಖರ್ಚಿಲ್ಲ. ಮೇಲೆ ಮಗುವಿನ ಹೆಸರು, ಕ್ಲಾಸು, ಹಾಜರಿ ನಂಬರ್. ಪುಸ್ತಕದ ಚೀಟಿಯಲ್ಲಿ ವಹಿ ನಂಬರ್, ಹೆಸರು. ಪುಸ್ತಕ ಕೊಡುವಾಗ ಅದರ ಚೀಟಿ ಮಗುವಿನ ಲಕೋಟೆಗೆ ಹೋಗುತ್ತದೆ. ಲಕೋಟೆ ಶೂ ಡಬ್ಬಿಯಲ್ಲಿ, ವಾಪಸ್ ಕೊಡಬೇಕಾದ ದಿನಾಂಕ ಬರೆದು ನಿಲ್ಲಿಸಿದ ಪಟ್ಟಿಯ ಹಿಂದೆ. ಪುಸ್ತಕದ ಕೊನೇ ಪುಟದಲ್ಲೂ ಅದೇ ದಿನಾಂಕ. ಅವಧಿ 15 ದಿನ. ಶುಕ್ರವಾರ ಡಬ್ಬಿ ತೆಗೆದರೆ ಯಾರದ್ದು ತಡವಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಚೀಟಿ ಹಾಕುವ ಕೆಲಸ ಈಗ ಮಕ್ಕಳದ್ದೇ. ನನಗಿಂತ ಚುರುಕಾಗಿ ಮಾಡುತ್ತಾರೆ.

ಸಾವಿರಾರು ವಿದ್ಯಾರ್ಥಿಗಳಿರುವ ಕಾಲೇಜಿಗೆ ಕಾರ್ಡ್ ಬೇಕೇ ಬೇಕು. ಮಕ್ಕಳ ಮುಖ ಗೊತ್ತಿರುವ ಶಾಲೆಗೆ ಬೇಡ. ಈಗಲೂ ಕೆಲವು ಪುಸ್ತಕ ಹರಿದು ಬರುತ್ತವೆ, ಒಂದೊಂದು ಬರುವುದೇ ಇಲ್ಲ. ಅದಕ್ಕಾಗಿ ಯಾರ ಹಾಲ್ ಟಿಕೆಟನ್ನೂ ತಡೆಹಿಡಿಯುವುದಿಲ್ಲ. ಫೆಬ್ರವರಿಯಲ್ಲೇ ಹತ್ತನೇ ಕ್ಲಾಸಿನ ಲಕೋಟೆಗಳನ್ನು ಬೇರೆ ಮಾಡಿ, ಒಬ್ಬೊಬ್ಬರನ್ನೇ ಕರೆದು ಕೇಳುತ್ತೇನೆ.