ಮಳೆಗಾಲದ ಬಸುರಿಗೆ ಎದೆಯ ಆರೈಕೆ

ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯಾಗಿ ಓಡಾಡುವ ನನಗೆ ಪುಷ್ಯ ಮಳೆ ಹಿಡಿಯಿತೆಂದರೆ ಒಂದೇ ಚಿಂತೆ: ಬಸುರಿಯರ ಒಳಬಟ್ಟೆ ಒಣಗಿರುವುದಿಲ್ಲ. ಕಳೆದ ಆಷಾಢದಲ್ಲಿ ಏಳು ತಿಂಗಳ ಬಸುರಿಯೊಬ್ಬಳು ಕೋಣೆಯ ಬಾಗಿಲು ಹಾಕಿಕೊಂಡು, "ಅಕ್ಕಾ, ಎದೆಯ ಕೆಳಗೆ ಒಂದೇ ಉರಿ" ಎಂದಳು. ಮಡಿಕೆಯ ಉದ್ದಕ್ಕೂ ಚರ್ಮ ಕೆಂಪಗೆ ಜಿನುಗುತ್ತಿತ್ತು. ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು. ಗಂಡ ತಂದುಕೊಟ್ಟ ಹುಳಕಡ್ಡಿ ಮುಲಾಮು ಹಚ್ಚಿದ್ದಳು. ಮೂರು ದಿನ ಕೆಂಪು ಇಳಿದು, ಆಮೇಲೆ ಇಮ್ಮಡಿಯಾಗಿ ಹರಡಿತ್ತು. ಅಂಥ ಎಷ್ಟೋ ಟ್ಯೂಬುಗಳಲ್ಲಿ, ಕೆಂಪನ್ನು ಸದ್ಯಕ್ಕೆ ಅಡಗಿಸಿ ಫಂಗಸ್ ಹರಡಲು ಬಿಡುವ ಸ್ಟೀರಾಯ್ಡ್ ಬೆರೆತಿರುತ್ತದೆ. ಕೇಳದೆ ಹಚ್ಚಲೇಬೇಡಿ.

ಬಸುರಿನಲ್ಲಿ ಎದೆ ತುಂಬಿಕೊಂಡು ಮಡಿಕೆ ಆಳವಾಗುತ್ತದೆ, ಬೆವರು ಅಲ್ಲೇ ನಿಲ್ಲುತ್ತದೆ, ಫಂಗಸ್ ಬೆಳೆಯುತ್ತದೆ. ಸ್ನಾನವಾದ ಮೇಲೆ ಮಡಿಕೆಯನ್ನು ಉಜ್ಜದೆ ಒತ್ತಿ ಒರೆಸಿ, ಎದೆಯನ್ನು ಎತ್ತಿಹಿಡಿದು ಐದು ನಿಮಿಷ ಗಾಳಿಯಾಡಲು ಬಿಡಿ. ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಅಲ್ಲಿಟ್ಟು, ತೇವವಾದಾಗಲೆಲ್ಲ ಬದಲಿಸಿ. ಬ್ರಾವನ್ನು ಬಚ್ಚಲೊಲೆಯ ಹತ್ತಿರದ ಹಗ್ಗಕ್ಕೆ ಹಾಕಿ, ತೊಡುವ ಮುನ್ನ ಇಸ್ತ್ರಿ ಮಾಡಿ. ಬಿಗಿದ ಚರ್ಮದ ತುರಿಕೆಗೆ ಕೊಬ್ಬರಿ ಎಣ್ಣೆ ಒಳ್ಳೆಯದೇ, ಆದರೆ ಮಡಿಕೆಗೆ ಬೇಡ. ವೈದ್ಯರು ಕೊಟ್ಟ ಮುಲಾಮನ್ನು ತುರಿಕೆ ನಿಂತ ಕೂಡಲೇ ಬಿಡದೆ, ಅವರು ಹೇಳಿದಷ್ಟು ದಿನ ಹಚ್ಚಿ.

ತೊಟ್ಟಿನ ಸುತ್ತ ಕಪ್ಪಾಗುವುದು, ಹಸಿರು ನರ ಕಾಣುವುದು, ಐದಾರು ತಿಂಗಳಿನಿಂದ ಹಳದಿ ಹನಿ ಜಿನುಗುವುದು ಸಹಜ. ತೊಟ್ಟಿನ ಸುತ್ತ ಏಳುವ ಸಣ್ಣ ಉಬ್ಬುಗಳು ಚರ್ಮವನ್ನು ಮೆದುವಾಗಿಡುವ ಎಣ್ಣೆಯ ಗ್ರಂಥಿಗಳು, ಹಿಸುಕಬೇಡಿ. ತೊಟ್ಟಿಗೆ ಸೋಪೂ ಬೇಡ.

ಒಂದು ಬದಿ ಮಾತ್ರ ಕೆಂಪಾಗಿ, ಬಿಸಿಯಾಗಿ, ನೋಯುತ್ತ ಜ್ವರ ಬಂದರೆ ಸೊಪ್ಪು ಕಟ್ಟಿಕೊಂಡು ಕೂರಬೇಡಿ, ಜೋರಾಗಿ ತಿಕ್ಕಲೂಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ತೊಟ್ಟಿನಲ್ಲಿ ಮಾಯದ ಹುಣ್ಣು ಅಥವಾ ಹೊಪ್ಪಳಿಕೆ, ರಕ್ತ ಬೆರೆತ ಸ್ರಾವ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಎರಡು ವಾರವಾದರೂ ಕರಗದ ಗಂಟು ಕಂಡರೆ "ಹೆರಿಗೆಯಾಗಲಿ, ಆಮೇಲೆ ನೋಡೋಣ" ಎನ್ನುವ ಮಾತೇ ಬೇಡ. ಎದೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗನ್ನು ಬಸುರಿನಲ್ಲೂ ಮಾಡಬಹುದು. ಗುಳ್ಳೆಯೇ ಇಲ್ಲದೆ ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸಿದರೂ ಹೇಳಿ. ಪಿತ್ತಜನಕಾಂಗದ (ಲಿವರ್) ರಕ್ತಪರೀಕ್ಷೆ ಬೇಕಾಗಬಹುದು.

ಆ ಹುಡುಗಿ ಹದಿನೈದು ದಿನ ಸುಮ್ಮನೆ ಉರಿ ತಿಂದಿದ್ದಳು, ಬರೀ ಸಂಕೋಚದಿಂದ. ತೋರಿಸಲು ನಾಚಿಕೆಯಾದರೆ ನಿಮ್ಮೂರಿನ ಆಶಾಳನ್ನು ಕರೆಯಿರಿ. ಆಸ್ಪತ್ರೆಯ ಪರದೆಯ ಒಳಗೂ ಜೊತೆಗೆ ಬಂದು ನಿಲ್ಲುತ್ತೇವೆ.