ಬಿಬಿಎ, ಎಂಬಿಎ ಮುಗಿಸಿ ಅಪ್ಪನ ಅಂಗಡಿಗೆ ಬಂದವರಿಗೆ

ಬಂದ ಕೂಡಲೇ ಹೊಸ ಬೋರ್ಡು, ಆ್ಯಪ್ ಅಂತ ಕೈ ಹಾಕಬೇಡಿ. ಮೊದಲು ಉದ್ರಿ ಲೆಕ್ಕ ಹಿಡಿದು ಕೂತುಕೊಳ್ಳಿ. 30 ದಿನದೊಳಗಿನ ಬಾಕಿ, 30ರಿಂದ 90 ದಿನದ್ದು, 90 ದಾಟಿದ್ದು ಅಂತ ಮೂರು ಪಟ್ಟಿ ಮಾಡಿ. ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್ ಇದ್ದರೆ ಅದರಲ್ಲೇ ಸಿಗುತ್ತದೆ. ಆದರೆ ಸುಮ್ನೆ ನೀವೇ ವಸೂಲಿಗೆ ಫೋನ್ ಮಾಡಬೇಡಿ. ಅಪ್ಪನನ್ನೋ ಹಳೇ ಗುಮಾಸ್ತರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೆಸರು ಕೇಳಿ. ಗೊಬ್ಬರದ ಅಂಗಡಿಯಾದರೆ, ಯಾವ ರೈತರು ಕೊಯ್ಲಾದ ಮೇಲೆ ತಪ್ಪದೆ ಕೊಡುತ್ತಾರೆ ಅನ್ನೋದು ಅವರಿಗೇ ಗೊತ್ತು. ಅಂಥವರನ್ನು ಪೀಡಿಸಿ ಕಳೆದುಕೊಳ್ಳಬಾರದು, ಅಲ್ವಾ?

ಆಮೇಲೆ ಜಿಎಸ್‌ಟಿ. ತಿಂಗಳ ರಿಟರ್ನ್ ಹಾಕುವವರಿಗೆ 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಪಟ್ಟಿ, ಅಂದರೆ ಮಾಲು ಕೊಟ್ಟವರು ನಿಮ್ಮ ಹೆಸರಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ. ಅದರಲ್ಲಿ ಬಾರದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಇಲ್ಲ, ಮಾಲು ಕೊಟ್ಟವರಿಗೆ ಅವತ್ತೇ ಫೋನ್ ಮಾಡಿ. ಬಿಲ್ಲಿನ ದಿನದಿಂದ 180 ದಿನದೊಳಗೆ ನೀವು ಅವರಿಗೆ ದುಡ್ಡು ಕೊಡದಿದ್ದರೆ, ತೆಗೆದುಕೊಂಡ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. ಹಿರಿಯರು ಜಾಸ್ತಿ ಬೇಸರಪಡುವ ಕೆಲಸ ಇದೇ. ಇದನ್ನು ನೀವು ವಹಿಸಿಕೊಂಡರೆ ನಿಮ್ಮ ಮಾತಿಗೂ ಬೆಲೆ ಬರುತ್ತದೆ.

ನಿಮ್ಮ ಸಂಬಳದ ವಿಷಯ ಮೊದಲೇ ಮಾತಾಡಿ. ಗಲ್ಲಾದಿಂದ ತೆಗೆಯಬೇಡಿ, ತಿಂಗಳಿಗೆ ಇಷ್ಟು ಅಂತ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.