ಬ್ಯಾಂಜೋ ಪ್ಲೇಟು ಇಳಿಸುವಾಗ ಬ್ಯಾಂಜೋವನ್ನೇ ಅಳಿಸಬೇಡಿ

ಹೋದ ತಿಂಗಳು ಗೆಳೆಯನೊಬ್ಬ ಒಂದು ಆಡಿಯೊ ಫೈಲ್ ಕಳಿಸಿದ. ಅಮೆರಿಕದ ಅಪಲ್ಯಾಚಿಯನ್ ಬೆಟ್ಟಸೀಮೆಯ ಹಳೇ ಸಂಗೀತ. 78ರ ಪ್ಲೇಟಿನಿಂದ, ಅಂದರೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ರೆಕಾರ್ಡಿನಿಂದ, ಅವನೇ ಕಂಪ್ಯೂಟರಿಗೆ ಇಳಿಸಿದ್ದು. ‘ಕೇಳು, ಒಂಚೂರೂ ಚರಚರ ಇಲ್ಲ’ ಅಂತ ಬರೆದಿದ್ದ. ಕೇಳಿದೆ. ಚರಚರ ಇರಲಿಲ್ಲ, ನಿಜ. ಚರ್ಮ ಬಿಗಿದ ತಂತಿವಾದ್ಯ ಬ್ಯಾಂಜೋನೂ ಇರಲಿಲ್ಲ. ಪಿಟೀಲು ಕೊಡದ ನೀರೊಳಗೆ ಕೂತು ನುಡಿಸಿದ ಹಾಗೆ ಬುಳುಬುಳು ಅನ್ನುತ್ತಿತ್ತು. ಇಂಥ ಫೈಲುಗಳನ್ನು ಹತ್ತಾರು ಕೇಳಿದ್ದೇನೆ. ನಾನೇ ಶುರುವಿನಲ್ಲಿ ಇಳಿಸಿದವು ಇದಕ್ಕಿಂತ ಕೆಟ್ಟದಾಗಿವೆ.

ಉತ್ತರ ಕೆರೊಲಿನಾದಲ್ಲಿ ಒಂಬತ್ತು ವರ್ಷ ಕೆಲಸಕ್ಕಿದ್ದಾಗ ಹತ್ತಿದ ಹುಚ್ಚು ಇದು. ಅಲ್ಲಿ ಶನಿವಾರ ಬೆಳಿಗ್ಗೆ ಮನೆ ಮುಂದೆ ಹಳೇ ಸಾಮಾನು ಹರಡಿಕೊಂಡು ಮಾರುತ್ತಾರೆ. ಇಸ್ತ್ರಿ ಪೆಟ್ಟಿಗೆ, ಮಕ್ಕಳ ಸೈಕಲ್ಲು, ಪಕ್ಕದಲ್ಲೊಂದು ರಟ್ಟಿನ ಡಬ್ಬದ ತುಂಬಾ ಅಜ್ಜನ ಪ್ಲೇಟುಗಳು. ಆ ಡಬ್ಬದಲ್ಲಿ ಎರಡು ಬಗೆಯ ಸಂಗೀತ ಸಿಗುತ್ತದೆ. ಒಂದು ಓಲ್ಡ್-ಟೈಮ್. ಪಿಟೀಲು, ಬ್ಯಾಂಜೋ, ಗಿಟಾರ್ ಎಲ್ಲ ಸೇರಿ ಒಂದೇ ಮಟ್ಟನ್ನು ಸುತ್ತಿ ಸುತ್ತಿ ನುಡಿಸುತ್ತವೆ. ಕುಣಿತಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು ಬ್ಲೂಗ್ರಾಸ್. ಇಲ್ಲಿ ಒಬ್ಬೊಬ್ಬರೂ ಸರದಿಯ ಮೇಲೆ ಮುಂದೆ ಬಂದು ಕೈಚಳಕ ತೋರಿಸುತ್ತಾರೆ. 1945ರ ಕೊನೆಗೆ ಬಿಲ್ ಮನ್ರೋ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಸೇರಿದರು. ಮೂರು ಬೆರಳಲ್ಲಿ ಮಳೆ ಹನಿಸಿದ ಹಾಗೆ ಬ್ಯಾಂಜೋ ನುಡಿಸುತ್ತಿದ್ದವರು ಅವರು. ಆ ತಂಡ 1946ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ರೆಕಾರ್ಡ್ ಮಾಡಿದ ಮೇಲೆ ಬ್ಲೂಗ್ರಾಸಿಗೆ ಒಂದು ಗಟ್ಟಿ ರೂಪ ಬಂತು.

1. ಮೊದಲು ಪ್ಲೇಟಿನ ಜಾತಕ ನೋಡಿ

ಲೇಬಲ್ ಮೇಲೆ ಕಂಪನಿಯ ಹೆಸರು, ಒಂದು ನಂಬರ್ ಇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯವರು ಹಳೇ ಅಮೆರಿಕನ್ ಪ್ಲೇಟುಗಳ ದೊಡ್ಡ ಪಟ್ಟಿ ಇಟ್ಟಿದ್ದಾರೆ, ಬಿಟ್ಟಿ ನೋಡಬಹುದು. ನಂಬರ್ ಹಾಕಿದರೆ ಯಾವತ್ತು, ಯಾವ ಊರಲ್ಲಿ ಹಾಡಿದ್ದು ಅನ್ನುವುದು ಬಹಳ ಸಲ ಸಿಕ್ಕಿಬಿಡುತ್ತದೆ.

ತಾರೀಖು ಯಾಕೆ ಬೇಕು? 1925ಕ್ಕೆ ಮುಂಚೆ ರೆಕಾರ್ಡಿಂಗಿಗೆ ಮೈಕ್ ಬಳಸುತ್ತಿದ್ದದ್ದು ಅಪರೂಪ. ಕಹಳೆಯಂಥ ಹಾರ್ನ್ ಮುಂದೆ ನಿಂತು ಗಟ್ಟಿಯಾಗಿ ಹಾಡುತ್ತಿದ್ದರು. 1923ರಲ್ಲಿ ಅಟ್ಲಾಂಟಾದಲ್ಲಿ ರಾಲ್ಫ್ ಪಿಯರ್ ಅನ್ನುವವರು ಓಕೆ ಎಂಬ ಪ್ಲೇಟು ಕಂಪನಿಗಾಗಿ ಪಿಟೀಲುಗಾರ ಫಿಡ್ಲಿನ್ ಜಾನ್ ಕಾರ್ಸನ್ ಅವರನ್ನು ರೆಕಾರ್ಡ್ ಮಾಡಿದ್ದು ಹೀಗೆ. ಅದೇ ಪಿಯರ್ 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಲ್ಲಿ, ಒಂದು ಹ್ಯಾಟ್ ಕಂಪನಿಯ ಕಟ್ಟಡದಲ್ಲಿ ಮೈಕ್ ಹೂಡಿ ಕೂತರು. ಈ ಸಲ ವಿಕ್ಟರ್ ಕಂಪನಿಗಾಗಿ. ಕಾರ್ಟರ್ ಫ್ಯಾಮಿಲಿ ಎಂಬ ಒಂದೇ ಮನೆಯ ಹಾಡುಗಾರರ ತಂಡ, ಗಾಯಕ ಜಿಮ್ಮಿ ರಾಜರ್ಸ್ ಮೊದಲ ಸಲ ಪ್ಲೇಟಿಗೆ ಹಾಡಿದ್ದು ಅಲ್ಲೇ. ನಡುವೆ ನಾಲ್ಕೇ ವರ್ಷ. ಸದ್ದಿನಲ್ಲಿ ಮಾತ್ರ ಅಜಗಜಾಂತರ. ಹಾರ್ನಿನ ಪ್ಲೇಟಿನಿಂದ ಮೈಕಿನ ಸ್ಪಷ್ಟತೆ ಹಿಂಡಲು ಹೋಗಬೇಡಿ, ಬರೋದಿಲ್ಲ.

ನಿಮ್ಮ ಪ್ಲೇಟಿಗಿಂತ ಒಳ್ಳೆಯ ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲೋ ಇಂಟರ್ನೆಟ್ ಆರ್ಕೈವ್‌ನಲ್ಲೋ ಆಗಲೇ ಇದ್ದರೆ ಸುಮ್ನೆ ಅದನ್ನೇ ಕೇಳಿ, ಈ ಪುಟ ಮಡಚಿಡಿ.

2. ತೊಳೆಯುವುದು

78ರ ಪ್ಲೇಟು ಪ್ಲಾಸ್ಟಿಕ್ ಅಲ್ಲ. ಕಲ್ಲಿನ ಪುಡಿ, ಮಸಿ, ಇವೆರಡನ್ನೂ ಹಿಡಿದಿಡಲು ಅರಗು. ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ, ಈಗಿನ ಜಾರ್ಖಂಡ್ ಕಡೆಯ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಅದಕ್ಕೆ ತತ್ವಾರ ಬಂತು. 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟು ಕಂಪನಿಗಳಿಗೆ ಅರಗಿನ ಕಡಿವಾಣ ಹಾಕಿತು. ಜನರಿಂದ ಹಳೇ ಪ್ಲೇಟು ವಾಪಸ್ ತೆಗೆದುಕೊಂಡು ಪುಡಿ ಮಾಡಿ ಹೊಸದಕ್ಕೆ ಬೆರೆಸಿದರು. ಎಷ್ಟು ಪಿಟೀಲು ಹಾಗೆ ಪುಡಿಯಾಯಿತೋ.

ನಮ್ಮೂರ ಬಡಗಿ ಕುರ್ಚಿಗೆ ಪಾಲಿಶ್ ಹೊಡೆಯುವಾಗ ಚಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುವುದನ್ನು ನೋಡಿದ್ದೀರಲ್ವಾ? ಅದೇ ಅರಗು, ಅದೇ ಸ್ಪಿರಿಟ್. ಪ್ಲೇಟಿಗೆ ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ನೀಲಿ ನೀರು ಯಾವುದೂ ತಾಕಬಾರದು. ಇದನ್ನು ಒಂದು ಪ್ಲೇಟು ಬಲಿ ಕೊಟ್ಟು ಕಲಿತೆ. ‘ಎಲ್ಲ ರೆಕಾರ್ಡಿಗೂ ನಡೆಯುತ್ತೆ’ ಅಂತ ಅಂಗಡಿಯವನು ಒಂದು ಬಾಟಲಿ ಕೊಟ್ಟಿದ್ದ. ಹತ್ತಿಯಲ್ಲಿ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು. ಅಬ್ಬಾ, ಎಷ್ಟು ಕೊಳೆ ಇತ್ತು ಅಂತ ಖುಷಿಯಾಗಿ ಇನ್ನೂ ಉಜ್ಜಿದೆ. ಅದು ಕೊಳೆ ಅಲ್ಲ, ಹಾಡು. ಆಮೇಲೆ ಬಾಟಲಿಯ ಹಿಂದೆ ಇರುವೆ ಕಾಲಿನ ಅಕ್ಷರದಲ್ಲಿ ಆಲ್ಕೋಹಾಲ್ ಅಂತ ಇದ್ದದ್ದು ಕಂಡಿತು.

ಸರಿಯಾದ ದಾರಿ ಸುಲಭ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ ಲೀಟರ್, ಅದಕ್ಕೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ಮೆತ್ತನೆ ಬ್ರಷ್ಷಿನಿಂದ ಗೆರೆಗಳ ಜೊತೆಗೆ ಸುತ್ತ ಉಜ್ಜಿ, ಅಡ್ಡಡ್ಡ ಬೇಡ. ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಒಗೆದೊಗೆದು ನುಣುಪಾದ ಪಂಚೆ ತುಂಡಿನಲ್ಲಿ ಒತ್ತಿ, ಪಾತ್ರೆ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ನೆನೆಹಾಕಬೇಡಿ. ಅದರಲ್ಲೂ 1920ರ ದಶಕದ ಕೊಲಂಬಿಯಾ ಪ್ಲೇಟುಗಳನ್ನು. ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಬ್ಯಾಂಜೋಗಾರ ಚಾರ್ಲಿ ಪೂಲ್ 1925ರಿಂದ ಹೆಚ್ಚಾಗಿ ಹಾಡಿದ್ದು ಅವಕ್ಕೇ. ಅವುಗಳ ಹೊಟ್ಟೆಯಲ್ಲಿ ಕಾಗದದ ಪದರ ಇದೆ. ಅಂಚಿನ ಬಿರುಕಿನಿಂದ ನೀರು ಒಳಗೆ ಹೋದರೆ ಮೈಯೇ ಬಿಚ್ಚಿಕೊಳ್ಳುತ್ತದೆ. ದಪ್ಪನೆಯ ಎಡಿಸನ್ ಪ್ಲೇಟಿಗಂತೂ ನೀರೇ ಬೇಡ, ಒಣ ಬ್ರಷ್ ಸಾಕು.

3. ಮುಳ್ಳು

ಆಮೇಲೆ ಬಂದ ಪ್ಲಾಸ್ಟಿಕ್ ಪ್ಲೇಟಿನ, ಅಂದರೆ ಎಲ್‌ಪಿಯ ಮುಳ್ಳಿನ ತುದಿ ಸುಮಾರು 0.7ರಿಂದ 1 ಮಿಲ್. 78ಕ್ಕೆ ಬೇಕಾದ್ದು 3 ಮಿಲ್. ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ಸಣ್ಣ ಮುಳ್ಳು ಹಾಕಿದರೆ ಅದು ಗೆರೆಯ ಗೋಡೆ ಮುಟ್ಟದೆ ತಳಕ್ಕೆ ಬಿದ್ದು ಬರೀ ಕಸ ಕೆದಕುತ್ತದೆ. ಅರ್ಧ ಚರಚರ ಬರುವುದೇ ಇಲ್ಲಿಂದ. ಸೂಟ್‌ಕೇಸಿನ ಹಾಗೆ ಮಡಚುವ, ನೋಡಲು ಮುದ್ದಾದ ಅಗ್ಗದ ಪ್ಲೇಯರುಗಳಲ್ಲಿ 78 ಅಂತ ಗುಂಡಿ ಇರುತ್ತದೆ, 78ರ ಮುಳ್ಳು ಇರುವುದಿಲ್ಲ. ಅವನ್ನು ಕೊಳ್ಳಲೇಬೇಡಿ. ಇರುವ ಒಳ್ಳೆಯ ಟರ್ನ್‌ಟೇಬಲಿಗೆ 3 ಮಿಲ್ ಮುಳ್ಳು ಸಿಗುತ್ತದೆಯೇ ವಿಚಾರಿಸಿ. ಈ ಇಡೀ ಕೆಲಸದಲ್ಲಿ ದುಡ್ಡು ಹಾಕುವುದಿದ್ದರೆ ಇದೊಂದಕ್ಕೆ ಹಾಕಿ.

4. ವೇಗ

ಅಮೆರಿಕದಲ್ಲಿ ನೆಲೆಯಾದ ಲೆಕ್ಕ ನಿಮಿಷಕ್ಕೆ 78.26 ಸುತ್ತು. ಹಾರ್ನ್ ಕಾಲದವು ಅತ್ತಿತ್ತ ಇರುತ್ತವೆ. ಕಿವಿಯಲ್ಲಿ ಶ್ರುತಿ ಇದ್ದವರಿಗೆ ಇದು ಕಷ್ಟವಲ್ಲ. ಈ ಬೆಟ್ಟದ ಪಿಟೀಲುಗಾರರು ಎಷ್ಟೋ ಮಟ್ಟುಗಳಿಗೆ ತಂತಿಯನ್ನು ಎ-ಇ-ಎ-ಇ ಅಂತ ಕೂಡಿಸುತ್ತಾರೆ. ಅಂದರೆ ಸ-ಪ-ಸ-ಪ, ನಮ್ಮ ಕರ್ನಾಟಕ ಪಿಟೀಲಿನ ಹಾಗೇ! ಬ್ಯಾಂಜೋದ ಐದನೇ ಮೋಟು ತಂತಿಯೂ ತಂಬೂರಿಯಂತೆ ಒಂದೇ ಸ್ವರ ಹಿಡಿದು ಕೂತಿರುತ್ತದೆ. ಆ ಸ್ವರವನ್ನು ಫೋನಿನ ಟ್ಯೂನರಿಗೆ ಹಿಡಿಯಿರಿ. ಎ ಮತ್ತು ಅದರ ಅರ್ಧ ಸ್ವರ ಕೆಳಗಿನ ಎ-ಫ್ಲಾಟ್ ನಡುವೆ ಎಲ್ಲೋ ತೂಗುತ್ತಿದ್ದರೆ ವೇಗ ಅನುಮಾನ. ಹಾಗಂತ ಕಣ್ಣುಮುಚ್ಚಿ ತಿದ್ದಬೇಡಿ. ಕಾರ್ಟರ್ ಮನೆಯವರ ಗಿಟಾರ್ ಎಷ್ಟೋ ಸಲ ಬೇಕಂತಲೇ ಇಳಿಸಿದ ಶ್ರುತಿಯಲ್ಲಿರುತ್ತದೆ. ಹೆಂಗಸರ ದನಿ ಕೀರಲಾದರೆ, ಅಥವಾ ನಿದ್ದೆಗಣ್ಣಿನದಾದರೆ, ಟ್ಯೂನರ್ ಬಿಟ್ಟು ದನಿಯನ್ನೇ ನಂಬಿ.

5. ರೆಕಾರ್ಡ್ ಒತ್ತಿ

24 ಬಿಟ್, 96 ಕಿಲೋಹರ್ಟ್ಸ್ (ಅಂದರೆ ಸದ್ದಿಗೆ ಸೆಕೆಂಡಿಗೆ 96 ಸಾವಿರ ಚುಕ್ಕೆ), ಸ್ಟೀರಿಯೋದಲ್ಲೇ. ಪ್ಲೇಟು ಮೋನೋ ಆದರೂ ಎರಡು ಚಾನೆಲ್ ಎಂದರೆ ಗೆರೆಯ ಎರಡು ಗೋಡೆ. ಒಂದು ಸವೆದಿದ್ದರೆ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಒಂದು ಮಗ್ಗುಲು ಸುಮಾರು ಮೂರು ನಿಮಿಷ. ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ.

6. ಚರಚರ ತೆಗೆಯುವುದು, ಅಂದರೆ ಆದಷ್ಟೂ ತೆಗೆಯದೇ ಇರುವುದು

ಎಲ್ಲರೂ ಮುಗ್ಗರಿಸುವ ಜಾಗ ಇದು. ಆಡಾಸಿಟಿಯಂಥ ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ ‘ಕ್ಲಿಕ್ ರಿಮೂವಲ್’ ಅಂತ ಒಂದು ಆಯ್ಕೆ ಇದೆ. ಇಡೀ ಹಾಡು ಆಯ್ದು ಅದನ್ನು ಒತ್ತಿಬಿಡುತ್ತಾರೆ. ಸಾಫ್ಟ್‌ವೇರಿಗೆ ಗೊತ್ತಿರುವುದು ಇಷ್ಟೇ: ಸದ್ದು ಒಮ್ಮೆಗೇ ಎದ್ದು ಬಿದ್ದರೆ ಅದು ಗೀರು. ಆದರೆ ಬ್ಯಾಂಜೋ ಅಂದರೇನು? ಒಮ್ಮೆಗೇ ಎದ್ದು ಬೀಳುವ ಸದ್ದು! ಓಲ್ಡ್-ಟೈಮ್‌ನವರು ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಬಡಿಯುತ್ತಾರೆ. ಆಗಿನ ಬ್ಯಾಂಜೋಕ್ಕೆ ಕರುವಿನ ಚರ್ಮ ಬಿಗಿದಿರುತ್ತಿತ್ತು, ನಮ್ಮ ದಮ್ಮಡಿಯ ಹಾಗೆ ಟಕ್ ಅಂದು ಬೇಗ ಆರುತ್ತದೆ. ಬ್ಲೂಗ್ರಾಸಿನವರು ಬೆರಳಿಗೆ ಲೋಹದ ಮೀಟು ಹಾಕುವುದರಿಂದ ಇನ್ನೂ ಚೂಪು. ಇವೆಲ್ಲ ಸಾಫ್ಟ್‌ವೇರಿಗೆ ಕಸ.

ಹಾಗಾಗಿ ಕೈಯಿಂದಲೇ ಮಾಡಿ. ಮೊದಲು ತಾಳ ಕಂಡುಹಿಡಿಯಿರಿ. 78.26 ವೇಗದಲ್ಲಿ ಒಂದು ಸುತ್ತಿಗೆ 0.77 ಸೆಕೆಂಡು. ಪ್ಲೇಟು ಸೀಳಿದ್ದರೆ ಆ ಟಕ್ ಪ್ರತಿ 0.77 ಸೆಕೆಂಡಿಗೆ ಬಂದೇ ಬರುತ್ತದೆ. ಅದರ ತಾಳ ಅದಕ್ಕೆ, ಹಾಡಿನ ತಾಳ ಹಾಡಿಗೆ. ಬೆರಳಲ್ಲಿ ಎಣಿಸುತ್ತಾ ಎರಡು ಸಲ ಕೇಳಿದರೆ ಎರಡೂ ಬೇರೆಬೇರೆಯಾಗಿ ಕಿವಿಗೆ ಸಿಗುತ್ತವೆ.

ಆಮೇಲೆ ಅಲೆಯ ಚಿತ್ರವನ್ನು ಹಿಗ್ಗಿಸಿ. ಇನ್ನೂ, ಇನ್ನೂ. ಒಂದೊಂದು ಚುಕ್ಕೆ ಕಾಣುವಷ್ಟು. ಗೀರು ನೆಟ್ಟಗೆ ನಿಂತ ಮೊಳೆಯಂತೆ ಕಾಣುತ್ತದೆ. ಅದರ ಎಡಕ್ಕೂ ಬಲಕ್ಕೂ ಅಲೆ ಏನೂ ಆಗದಂತೆ ಸಾಗಿರುತ್ತದೆ. ತಂತಿ ಮೀಟಿದ ಸದ್ದಿಗೆ ಬಾಲ ಇರುತ್ತದೆ. ಎದ್ದ ಮೇಲೆ ನಡುಗುತ್ತಾ, ಸಣ್ಣಗಾಗುತ್ತಾ ಇಳಿಯುತ್ತದೆ, ಬಾವಿಗೆ ಕಲ್ಲು ಹಾಕಿದಾಗಿನ ಅಲೆಯ ಹಾಗೆ. ಬಾಲ ಇದ್ದದ್ದನ್ನು ಮುಟ್ಟಬೇಡಿ. ಮೊಳೆಯನ್ನು ಮಾತ್ರ ಆಯ್ದು ‘ರಿಪೇರ್’ ಒತ್ತಿ. ಅದು ಒಂದು ಸಲಕ್ಕೆ 128 ಚುಕ್ಕೆಗಿಂತ ಜಾಸ್ತಿ ತಿದ್ದುವುದಿಲ್ಲ, 96 ಕಿಲೋಹರ್ಟ್ಸಿನಲ್ಲಿ ಒಂದೂ ಕಾಲು ಮಿಲಿಸೆಕೆಂಡು ದಾಟುತ್ತದೆ ಅಷ್ಟೆ. ಸಾಕು. ಮೂರು ನಿಮಿಷದ ಹಾಡಿಗೆ ನನಗೆ ಒಂದು ಸಂಜೆ ಹಿಡಿಯುತ್ತದೆ. ಮನೆಯವರು ಬೈಯುತ್ತಾರೆ, ಅದು ಬೇರೆ ಮಾತು.

ಅಷ್ಟು ಪುರುಸೊತ್ತಿಲ್ಲ ಅಂತೀರಾ? ಕಳ್ಳದಾರಿಯೂ ಇದೆ. ಯಂತ್ರದಿಂದಲೇ ತೆಗೆಸಿ, ಆದರೆ ತೆಗೆದದ್ದೇನು ಅಂತ ಕೇಳಿ ನೋಡಿ. ಮೂಲ ಟ್ರ್ಯಾಕಿನ ಪ್ರತಿ ಮಾಡಿ, ಒಂದರ ಕ್ಲಿಕ್ ತೆಗೆಸಿ, ಅದನ್ನು ‘ಇನ್ವರ್ಟ್’ ಮಾಡಿ ಎರಡನ್ನೂ ಒಟ್ಟಿಗೆ ನುಡಿಸಿ. ಎರಡರಲ್ಲೂ ಇರುವುದು ಒಂದಕ್ಕೊಂದು ವಜಾ ಆಗಿ, ತೆಗೆದ ಕಸ ಮಾತ್ರ ಕೇಳುತ್ತದೆ. ಆ ಕಸದಲ್ಲಿ ಟಿಕ್-ಟಕ್ ಜೊತೆ ಮಟ್ಟಿನ ಲಯವೂ ಕೇಳಿಸಿದರೆ ಬ್ಯಾಂಜೋ ಕಸದ ಬುಟ್ಟಿಗೆ ಹೋಗಿದೆ ಅಂತಲೇ ಅರ್ಥ. ಹಿಂದಕ್ಕೆ ಬನ್ನಿ, ಕಡಿಮೆ ಮಾಡಿ.

ಇನ್ನು ಸುಯ್ ಅನ್ನುವ ಹಿನ್ನೆಲೆ ಸದ್ದು. ಪಿಟೀಲಿನ ಬಿಲ್ಲು ತಂತಿಯ ಮೇಲೆ ಉಜ್ಜುವ ಸದ್ದೂ ಅಲ್ಲೇ ಇದೆ. ‘ನಾಯ್ಸ್ ರಿಡಕ್ಷನ್’ 6 ಡೆಸಿಬಲ್ ದಾಟಿಸಬೇಡಿ. ನಾನು ಬಹಳ ಸಲ ಮುಟ್ಟುವುದೇ ಇಲ್ಲ. ಅರ್ಧ ನಿಮಿಷ ಕೇಳಿದರೆ ಕಿವಿ ಆ ಸುಯ್ಯನ್ನು ತಾನೇ ಪಕ್ಕಕ್ಕೆ ಸರಿಸುತ್ತದೆ. ‘ಒಂದೇ ಗುಂಡಿಯಲ್ಲಿ ಹಳೇ ಹಾಡು ಹೊಸದು’ ಅನ್ನುವ ಆ್ಯಪುಗಳನ್ನು ಎರಡು ಸಲ ನೋಡಿದೆ. ಎರಡು ಸಲವೂ ಪಿಟೀಲು ಕೊಡದೊಳಗೆ ಹೋಯಿತು.

7. ಹೆಸರಿಟ್ಟು ಎತ್ತಿಡಿ

ಏನೂ ತಿದ್ದದ ಮೂಲ ಫೈಲನ್ನು ಬೇರೆ ಇಡಿ, ಎಂದೂ ಅಳಿಸಬೇಡಿ. ಹೆಸರಿನಲ್ಲಿ ಕಂಪನಿ, ನಂಬರ್, ಯಾವ ಮಗ್ಗುಲು, ಯಾವ ಮುಳ್ಳು ಎಲ್ಲ ಬರಲಿ. ನೆಟ್ಟಿಗೆ ಹಾಕುವ ಆಸೆಯಿದ್ದರೆ ವರ್ಷ ನೋಡಿಕೊಳ್ಳಿ. 2018ರ ಕಾಯ್ದೆ ಪ್ರಕಾರ 1923ರಿಂದ 1946ರವರೆಗೆ ಹೊರಬಂದ ಪ್ಲೇಟುಗಳಿಗೆ ಅಮೆರಿಕದಲ್ಲಿ 100 ವರ್ಷದ ಹಕ್ಕು. 1927ರಲ್ಲಿ ಹೊರಬಂದದ್ದು 2028ರ ಜನವರಿವರೆಗೆ ಕಾಯಬೇಕು.

ಪ್ಲೇಟುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಸೀಳುತ್ತದೆ, ಆಮೇಲೆ ಪ್ರತಿ 0.77 ಸೆಕೆಂಡಿಗೆ ಅದೇ ಟಕ್ ಕೇಳಬೇಕಾಗುತ್ತದೆ.